ಎಡಗಿವಿಯ ಕಚ್ಚು

ನನ್ನ ಮಾವ ಭಗವಂತರಾಯರು ತಮ್ಮ ಮನೆತನದ ಚರಿತ್ರೆ ಹೇಳಲು ಶುರು ಮಾಡಿದ್ದು ಹೈದರಾಬಾದು ಇಂಡಿಯಾದಲ್ಲಿ ಸೇರಿಕೊಂಡ ಮೇಲೆ. ಅದಕ್ಕೆ ಮೊದಲು ಅವರಿಗೆ ಚರಿತ್ರೆಯ ಗೊಡವೆ ಇರಲಿಲ್ಲ, ಕುರಿ ಇದ್ದವು. ದೇವಾಪುರದ ಸುತ್ತ ಎಲ್ಲಿ ಕುರಿಹಿಂಡು ಕಂಡರೂ ಯಾರದು ಎಂದು ಕೇಳಬೇಕಾಗಿರಲಿಲ್ಲ. ಬಲಗಿವಿಯ ತುದಿಗೆ ಮೀನಿನ ಬಾಲದಂಥ ಕಚ್ಚು ಇದ್ದರೆ ಅದು ನಮ್ಮದು. ನಿಜಾಮನ ತಹಸೀಲದಾರರು ಕ್ಯಾಂಪಿಗೆ ಬಂದರೆ ನಮ್ಮ ಹಟ್ಟಿಯಿಂದ ಟಗರು ಹೋಗುತ್ತಿತ್ತು. ರಜಾಕಾರರು ಬಂದರೆ ಅವರಿಗೂ ಹೋಗುತ್ತಿತ್ತು. ಆಮೇಲೆ ಮಾವ ಖಾದಿ ತೊಟ್ಟರು, ಯಾದಗಿರಿಯ ಪಾರ್ಟಿ ಮುಖಂಡರ ಮನೆಗೆ ಟಗರು ಹೊರಟಿತು. ಪಾಪ, ಟಗರಿಗೆ ರಾಜ್ಯ ಬದಲಾದದ್ದು ಹೇಗೆ ಗೊತ್ತಾಗಬೇಕು?

ಖಾದಿ ತೊಟ್ಟವರಿಗೆಲ್ಲ ಆಗ ಒಂದು ಕಷ್ಟವಿತ್ತು. ಹೋರಾಟದ ದಿನಗಳಲ್ಲಿ ನೀನೇನು ಮಾಡಿದೆ ಎಂದು ಜನ ಕೇಳುತ್ತಿದ್ದರು. ಒಬ್ಬ ಜೈಲು ಕಂಡಿದ್ದ, ಇನ್ನೊಬ್ಬ ಗಡಿಯಾಚೆಯ ಶಿಬಿರದಲ್ಲಿದ್ದು ಬಂದಿದ್ದ. ನಮ್ಮ ಮಾವನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಅದಕ್ಕೆ ಅವರು ತಮ್ಮ ಮಗನನ್ನು ತೋರಿಸಿದರು. ಆ ಮಗ ಅಯ್ಯಣ್ಣ, ನನ್ನ ಗಂಡ.

ನಡೆದದ್ದು ಇಷ್ಟು. ಗಲಾಟೆಯ ವರ್ಷ ಮಾವ ಅರ್ಧ ಹಿಂಡನ್ನು ಅಯ್ಯಣ್ಣನ ಕೈಗೆ ಕೊಟ್ಟು, ಗಡಿ ದಾಟಿಸಿ ತಾಳಿಕೋಟಿ ಸೀಮೆಯಲ್ಲಿ ಇಟ್ಟುಕೊಂಡಿರು ಎಂದು ಕಳಿಸಿದರು. ಗಲಾಟೆ ಮುಗಿಯಿತು. ಗಡಿಯಾಚೆ ಹೋದವರೆಲ್ಲ ತಿರುಗಿ ಬಂದರು. ಅಯ್ಯಣ್ಣ ಬರಲಿಲ್ಲ, ಕುರಿಗಳೂ ಬರಲಿಲ್ಲ. ಮೊದಲ ವರ್ಷವೆಲ್ಲ ಮಾವ ಅಂಗಳದಲ್ಲಿ ನಿಂತು, "ಕಳ್ಳ ಸೂಳೆಮಗ, ನನ್ನ ಹಿಂಡು ಹೊಡಕೊಂಡು ಓಡ್ಯಾನ" ಎಂದು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಎರಡನೆಯ ವರ್ಷ ಚುನಾವಣೆಯ ಸುದ್ದಿ ಬಂತು. ಆಗ ಎಲ್ಲಿಂದಲೋ ಒಂದು ಸುಟ್ಟ ಕಂಬಳಿ ಬಂತು. ಡೋಣಿ ಹೊಳೆಯ ದಂಡೆಯಲ್ಲಿ ರಜಾಕಾರರು ಅಯ್ಯಣ್ಣನನ್ನು ಸುತ್ತುವರಿದು ಗುಂಡು ಹೊಡೆದರು, ಅವನು ಸಾಯುವಾಗ ದೇಶದ ಹೆಸರು ಹೇಳಿದ ಎಂಬ ಕಥೆಯೂ ಬಂತು. ದಿನಕ್ಕೆ ನಾಲ್ಕು ಮಾತು ಆಡದ ನನ್ನ ಗಂಡ ಸಾಯುವಾಗ ಅಷ್ಟೆಲ್ಲ ಮಾತಾಡಿದನೆಂದು ಕೇಳಿ ನನಗೇ ಬೆರಗಾಯಿತು. ಕಳ್ಳ ಹೀಗೆ ಹುತಾತ್ಮನಾದ.

ನಾನು ಹುತಾತ್ಮನ ಹೆಂಡತಿಯಾದೆ. ಸುರಪುರ, ಶಹಾಪುರ, ಎಲ್ಲಿ ಸಭೆಯಾದರೂ ಮಾವ ನನ್ನನ್ನು ಬಂಡಿಯಲ್ಲಿ ಕೂರಿಸಿಕೊಂಡು ಹೋಗಿ ವೇದಿಕೆಯ ಮೂಲೆಯಲ್ಲಿ ಇಡುತ್ತಿದ್ದರು. "ಇಕಿ ನಮ್ಮ ಸೊಸಿ ರೇಣಮ್ಮ. ಈ ವಯಸ್ಸಿಗೆ ಕುಂಕುಮ ದೇಶಕ್ಕ ಕೊಟ್ಟಾಳ" ಎನ್ನುತ್ತಿದ್ದರು. ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ತಲೆ ತಗ್ಗಿಸಿ ಕೂತು, ಸೆರಗಿನೊಳಗೆ ಕೈ ಅಡಗಿಸಿಕೊಳ್ಳುತ್ತಿದ್ದೆ. ಏಕೆಂದರೆ ಆ ಕೈಯಲ್ಲಿ ಹಸಿರು ಬಳೆಗಳು ಇನ್ನೂ ಹಾಗೇ ಇದ್ದವು. ಅತ್ತೆ ಬಾಲಮ್ಮ, "ನನ್ನ ಮಗನ ಹೆಣ ತೋರಸ್ರಿ, ಆಮ್ಯಾಲ ಬಳಿ ಮುಟ್ಟತೇನಿ" ಎಂದು ಹಟ ಹಿಡಿದು ನನ್ನ ಬಳೆ ಒಡೆಯಲು ಬಿಟ್ಟಿರಲಿಲ್ಲ.

ನಮ್ಮ ಜಾತಿಯಲ್ಲಿ ಗಂಡ ಸತ್ತವಳಿಗೆ ಉಡಿಕಿ ಉಂಟು. ಒಪ್ಪಿದ ಗಂಡಸು ಹೊಸ ಸೀರೆ ಉಡಿಸಿ ಕರೆದುಕೊಂಡು ಹೋದರೆ ಮದುವೆ ಆದಂತೆಯೇ. ವಡಗೇರಾದಲ್ಲಿದ್ದ ನನ್ನ ಅಣ್ಣ ಬಸವಣ್ಣ ಇದಕ್ಕಾಗಿ ಬಂದು ಮಾವನ ಮುಂದೆ ಕೈಕಟ್ಟಿ ನಿಂತ. ಹತ್ತಿಗುಡೂರು ಕಡೆಯ ಒಬ್ಬ ಹೆಂಡತಿ ಸತ್ತವನು ನನ್ನನ್ನು ಕೇಳಿದ್ದ. ಮಾವ, "ಹೆಳವ ಇನ್ನೂ ಸಾವು ಹಾಡಿಲ್ಲ. ಗಂಡ ಸತ್ತಾನ ಅಂತ ಉಡಿಕಿ ಹೆಂಗ ಮಾಡ್ತಿ?" ಎಂದು ಅವನನ್ನು ಹಿಂದಕ್ಕೆ ಕಳಿಸಿದರು. ಅದರ ಮರುದಿನವೇ ಶಹಾಪುರದ ಸಭೆಯಲ್ಲಿ ನನ್ನ ಕುಂಕುಮ ದೇಶಕ್ಕೆ ಹೋಯಿತು. ಉಡಿಕಿ ಕೇಳಿದರೆ ನಾನು ಮುತ್ತೈದೆ, ವೇದಿಕೆ ಏರಿದರೆ ವಿಧವೆ. ಹಟ್ಟಿಯ ಕುರಿಗಾದರೂ ಬೆಳಗ್ಗೆ ಒಮ್ಮೆ ಬಾಗಿಲು ತೆಗೆಯುತ್ತಾರೆ. ನನಗೆ ಅದೂ ಇರಲಿಲ್ಲ. ಬಾವಿಗೆ ಹೋದರೂ ಹಿಂದೆ ಒಬ್ಬ ಆಳು ಬರುತ್ತಿದ್ದ. ಎಷ್ಟೋ ಸಲ ಕೊಡ ಕೆಳಗಿಟ್ಟು ಸುಮ್ಮನೆ ಓಡಿಬಿಡಬೇಕು ಅನ್ನಿಸುತ್ತಿತ್ತು. ಎಲ್ಲಿಗೆ ಓಡಲಿ? ಅಣ್ಣ ಮೇಯಿಸುತ್ತಿದ್ದ ಕುರಿಗಳೂ ಮಾವನವೇ, ಅರ್ಧ ಪಾಲಿಗೆ ಕೊಟ್ಟವು.

ಹೆಳವನ ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಎಲ್ಲಿಂದ ಬಂದೆವು ಎಂಬುದನ್ನೆಲ್ಲ ನಾಲಿಗೆಯ ಮೇಲೆ ಇಟ್ಟುಕೊಂಡವನು ಹೆಳವರ ಅಂಬ್ರಪ್ಪ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಗಂಟೆ ಕಟ್ಟಿಕೊಂಡು ಬಂದು, ಅಂಗಳದಲ್ಲಿ ಕೂತು ಏಳು ತಲೆಮಾರಿನ ಹೆಸರು ಹಾಡಿ, ಜೋಳ ಒಯ್ಯುತ್ತಿದ್ದ. ಅವನು ಒಬ್ಬನ ಹೆಸರನ್ನು ಸತ್ತವರ ಸಾಲಿಗೆ ಹಾಡಿಬಿಟ್ಟರೆ ಮುಗಿಯಿತು, ಕುಲದವರ ಪಾಲಿಗೆ ಅವನು ಸತ್ತ. ಹಾಗೆ ಹಾಡಿದ ಕೂಡಲೇ ಸತ್ತವನ ಹೆಂಡತಿಯನ್ನು ಎಲ್ಲರೆದುರು ಕೇಳುತ್ತಾನೆ, ಒಳಗೋ ಹೊರಗೋ ಎಂದು. ಒಳಗೆ ಎಂದರೆ ಅವಳ ಹೆಸರು ಅದೇ ಮನೆಯಲ್ಲಿ ಉಳಿಯುತ್ತದೆ. ಹೊರಗೆ ಎಂದರೆ ಅವಳ ಹೆಸರನ್ನು ಆ ಮನೆಯ ಹಾಡಿನಿಂದ ತೆಗೆಯುತ್ತಾನೆ, ಅವಳು ಯಾರ ಕೈಯಲ್ಲಾದರೂ ಸೀರೆ ಉಡಬಹುದು, ತಡೆಯುವವರಿಲ್ಲ. ಆಮೇಲೆ ಅತ್ತೆಯಾದವಳು ಅವಳ ಬಳೆ ಒಡೆಯಬೇಕು. ಹುತಾತ್ಮನ ಕಥೆ ಬಂದ ಮೇಲೆ ಮಾವ ಹೆಳವನನ್ನು ಬಾಗಿಲಿಗೆ ಬರಗೊಡದಿದ್ದುದು ಇದಕ್ಕೇ.

ಆದರೆ ಚುನಾವಣೆಯ ಟಿಕೀಟಿಗೆ ಮಾವನ ಎದುರಾಳಿಗಳಾಗಿದ್ದವರೂ ಕುರಿ ಕಾದವರೇ. ಅವರು ಯಾದಗಿರಿಗೆ ಹೋಗಿ, "ಅವನ ಮಗ ಸತ್ತಾನಂತ ಅವನ ಮನಿ ಹೆಳವನೇ ಹಾಡಿಲ್ಲ, ಸೊಸಿ ಕೈಯಾಗ ಬಳಿ ಅದಾವ" ಎಂದು ಊದಿದರು. ಟಿಕೀಟು ಕೊಡುವ ಮುಖಂಡರು ಖುದ್ದಾಗಿ ಬಂದು ನೋಡುತ್ತೇವೆ ಎಂದರು. ಮಾವ ಬೇರೆ ದಾರಿ ಕಾಣದೆ, ಸುಗ್ಗಿಗೆ ಇನ್ನೂ ಎರಡು ತಿಂಗಳಿರುವಾಗಲೇ, ಎಳ್ಳಮಾವಾಸ್ಯೆಯ ಮುಂಚೆ, ಅಂಬ್ರಪ್ಪನಿಗೆ ಕರೆ ಕಳಿಸಿದರು. ನನ್ನನ್ನು ಕರೆದು ಕಂಬಕ್ಕೆ ಒರಗಿ ನಿಂತು ಹೇಳಿದರು.

"ಅಂಬ್ರಪ್ಪ ಕೇಳ್ತಾನ. ನೀ ಒಳಗ ಅನ್ನಬೇಕು."

ನಾನು ಕೊಡ ಎತ್ತಿಕೊಂಡು ತಿರುಗಿದೆ.

"ಹೊರಗ ಅಂದೆಂದ್ರ ನಿಮ್ಮಣ್ಣನ ಹಟ್ಟ್ಯಾಗ ನನ್ನ ಒಂದು ಕುರಿ ಉಳಿಯಂಗಿಲ್ಲ. ಆತನ ಹೆಂಡ್ರು ಮಕ್ಳು ಏನು ತಿಂತಾರ ನೋಡ್ಕೋ."

"ಹೌದ್ರಿ" ಎಂದೆ. ಆ ಮನೆಯಲ್ಲಿ ನನಗೆ ಚೆನ್ನಾಗಿ ರೂಢಿಯಾಗಿದ್ದ ಮಾತು ಅದೊಂದೇ.

ಮುಖಂಡರು ಬರುವ ದಿನ ಬೆಳಗ್ಗೆ ಕುರಿ ವ್ಯಾಪಾರಿ ಲಾಡ್ಲೇಸಾಬ ಊಟಕ್ಕೆಂದು ಟಗರುಮರಿಗಳನ್ನು ಹೊಡೆದುಕೊಂಡು ಬಂದ. ನಮ್ಮ ಹಟ್ಟಿಯಲ್ಲೇ ಇಷ್ಟು ಕುರಿ ಇರುವಾಗ ಹೊರಗಿನಿಂದ ಏಕೆ ಎನ್ನಬೇಡಿ. ತಮ್ಮ ಕುರಿಯನ್ನು ಬೇರೆಯವರ ಮನೆಗೆ ಕಳಿಸಿಯಾರು, ತಮ್ಮ ಅಂಗಳದಲ್ಲಿ ಕೊಯ್ಯಿಸುವವರಲ್ಲ ನಮ್ಮ ಮಾವ. ಮರಿಗಳಿಗೆ ನೀರು ಇಡಲು ಹೋದೆ. ಒಂದು ಕಪ್ಪು ಮರಿ ಬಾನಿಗೆ ಬಾಯಿ ಹಾಕಿದಾಗ ಅದರ ಎಡಗಿವಿ ನನ್ನ ಕಣ್ಣಿಗೆ ಬಿತ್ತು. ತುದಿಗೆ ಮೀನಿನ ಬಾಲದಂಥ ಕಚ್ಚು. ಓರೆಯಾಗಿತ್ತು.

ಕೊಡ ಕೆಳಗಿಟ್ಟು ಆ ಕಿವಿ ಹಿಡಿದೆ. ಲೋಕದಲ್ಲಿ ಹಾಗೆ ಕಚ್ಚು ಹಾಕುವವನು ಒಬ್ಬನೇ. ಅಯ್ಯಣ್ಣ ಎಡಚ. ಮರಿಯನ್ನು ಎಲ್ಲರೂ ಹಿಡಿಯುವ ಹಾಗೆ ಹಿಡಿಯುತ್ತಿರಲಿಲ್ಲ, ಎದುರಿಗೆ ನಿಲ್ಲಿಸಿಕೊಂಡು ಎಡಗೈಯಿಂದ ಕೊಯ್ಯುತ್ತಿದ್ದ. ಮನೆತನದ ಗುರುತು ಬಲಗಿವಿಗೆ ಬೀಳುವ ಬದಲು ಎಡಗಿವಿಗೆ ಓರೆಯಾಗಿ ಬೀಳುತ್ತಿತ್ತು. ಮಾವ ಇದಕ್ಕಾಗಿ ಅವನನ್ನು, ಮದುವೆಯಾದ ಮೇಲೂ, ಆಳುಗಳ ಮುಂದೆ ಬಾರುಕೋಲಿನಿಂದ ಹೊಡೆದಿದ್ದರು. ಹೊಡೆಸಿಕೊಂಡು ಬಂದು ಅವನು ಆ ಮರಿಯ ಕಿವಿಗೇ ಅರಿಸಿನ ಹಚ್ಚಿ ಊದುತ್ತ ಕೂರುತ್ತಿದ್ದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಅದನ್ನು ನೋಡಿಯೇ.

ಮರಿಯ ಬಾಯಿ ಬಿಡಿಸಿ ನೋಡಿದೆ. ಇನ್ನೂ ಹಾಲುಹಲ್ಲು. ಹುಟ್ಟಿ ವರ್ಷವೂ ಆಗಿಲ್ಲ. ಸತ್ತು ಮೂರು ವರ್ಷವಾದವನು ಇದರ ಕಿವಿಗೆ ಹೇಗೆ ಕಚ್ಚು ಹಾಕಿದ?

"ಲಾಡ್ಲೇಸಾಬ, ಇದನ್ನೆಲ್ಲಿ ತಗೊಂಡಿ?"

"ತಾಳಿಕೋಟಿ ಸಂತ್ಯಾಗಮ್ಮ. ಮಾಲು ಅಚ್ಛಾ ಅದ, ನೋಡು."

"ಕೊಟ್ಟವ ಯಾರು?"

"ಯಾರೋ ಒಬ್ಬ ಎಡಚ. ಡೋಣಿ ದಂಡಿಗೆ ಹಟ್ಟಿ ಹಾಕ್ಯಾನ. ಬಾಯಿ ಬಿಡಂಗಿಲ್ಲ ಮನಷ್ಯಾ. ಹೆಂಡ್ತಿನೇ ಸೌದಾ ಮಾಡಿದ್ಲು. ಬಗಲಾಗ ಕೂಸು ಬ್ಯಾರೆ. ಬಲೇ ಖಡಕ್ ಹೆಂಗಸು, ಒಂದು ಪೈ ಬಿಡಲಿಲ್ಲ."

ಬದುಕಿದ್ದಾನೆ ಎಂದು ತಿಳಿದಾಗ ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಕೂಸಿನ ಮಾತು ಬರುವವರೆಗೆ ಆ ಸಂತೋಷ ಇತ್ತು. ಆಮೇಲೆ ಮೈಯೆಲ್ಲ ಉರಿಯಿತು. ವಾರವೂ ಹಿಡಿಯದ ದಾರಿ. ಅಲ್ಲಿ ಕೂತು ಕುರಿಯ ಕಿವಿಗೆ ಅಪ್ಪನ ಮನೆಯ ಗುರುತು ಮರೆಯದೆ ಹಾಕುತ್ತಿದ್ದಾನೆ, ಅದೇ ಅಪ್ಪನ ಮನೆಯಲ್ಲಿ ಬಿಟ್ಟ ಹೆಂಡತಿಯನ್ನು ಮರೆತಿದ್ದಾನೆ!

ಹಿಂದೆ ಕೆಮ್ಮಿದ ಸದ್ದಾಯಿತು. ಮಾವ ಬಂದು ನಿಂತಿದ್ದರು. ನನ್ನ ಕೈಯಲ್ಲಿದ್ದ ಕಿವಿಯನ್ನು ನೋಡಿದರು. ಬಗ್ಗಿ, ಎರಡು ಬೆರಳಲ್ಲಿ ಆ ಕಚ್ಚನ್ನು ಸವರಿದರು. ಮುದುಕನ ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಕೂಗಿಬಿಡುತ್ತಾರೆ, ನನ್ನ ಮಗ ಬದುಕ್ಯಾನ ಎಂದು ಈಗ ಕೂಗಿಬಿಡುತ್ತಾರೆ ಎಂದುಕೊಂಡೆ.

"ಏನು ನೋಡಾಕತ್ತಿ?" ಎಂದರು.

"ಕಿವಿರಿ."

"ಕುರಿಗೆ ಕಿವಿ ಇರ್ತಾವ." ಅವರು ಕತ್ತಿ ಮಸೆಯುತ್ತಿದ್ದವನ ಕಡೆ ತಿರುಗಿದರು. "ಏ, ಈ ಕರಿ ಮರಿ ಮೊದಲು ಕೊಯ್ಯಿ. ತಲಿ ಯಾರಿಗೂ ಕೊಡಬ್ಯಾಡ, ಒಲ್ಯಾಗ ಹಾಕಿ ಪೂರ್ತಿ ಸುಟ್ಟುಬಿಡು."

ಮುಖಂಡರ ಜೀಪು ಊರ ಅಗಸೆಬಾಗಿಲಿಗೆ ಬಂತೆಂದು ಯಾರೋ ಕೂಗಿದರು. ಕತ್ತಿಯವನೂ ಕೆಲಸ ಬಿಟ್ಟು ಜೀಪು ನೋಡಲು ಓಡಿದ. ಮರಿ ಕೊಯ್ದದ್ದಾಗಿತ್ತು, ತಲೆ ಇನ್ನೂ ಒಲೆ ಸೇರಿರಲಿಲ್ಲ. ನಾನು ಕಿವಿ ಕೊಯ್ದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡೆ.

ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಅವರ ಹಿಟ್ಟಿನ ಕೈಯಲ್ಲಿ ಕಿವಿ ಇಟ್ಟೆ. ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿದರು.

"ಹಲ್ಲು?"

"ಹಾಲುಹಲ್ಲು, ಅತ್ತಿ."

"ಹುಚ್ಚಪ್ಪ" ಎಂದರು. "ಇಷ್ಟು ಬಡಿಸಿಕೊಂಡರೂ ಇನ್ನಾ ಎಡಗಿವಿನೇ ಕೊಯ್ಯಾಕತ್ತಾನ." ನಕ್ಕರು, ನಗುವಾಗಲೇ ಕಣ್ಣೀರು ಇಳಿಯಿತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗುವುದು ಇಬ್ಬರಿಗೂ ಕಾಣಲಿಲ್ಲ. ಲಾಡ್ಲೇಸಾಬ ಹೇಳಿದ್ದನ್ನೆಲ್ಲ ಹೇಳಿದೆ. ಕೂಸಿನ ಮಾತಿಗೆ ಅವರು ಗಂಡೋ ಹೆಣ್ಣೋ ಎಂದು ಕೇಳಿದರು. ನನಗೆ ಅವರ ಮೇಲೂ ಸಿಟ್ಟು ಬಂತು.

"ನಡೀರಿ, ಅಂಗಳಕ್ಕ ಹೋಗಿ ಹೇಳೋಣು. ಅಂಬ್ರಪ್ಪ ಹಾಡೋದರೊಳಗ ಹೇಳೋಣು."

ಅತ್ತೆ ನನ್ನ ಮೊಣಕೈ ಹಿಡಿದರು. "ಹೇಳಿದ್ರ ಏನಾಗ್ತದ? ನಿಮ್ಮ ಮಾವ ಆಳು ಕಳಸ್ತಾನ. ಕುರಿ ಕದ್ದಾನ ಅಂತ ಠಾಣ್ಯಾಗ ಹಾಕಸ್ತಾನ, ಇಲ್ಲಾ ಹಗ್ಗ ಹಾಕಿ ಮನಿಗೆ ಎಳಕೊಂಡು ಬರ್ತಾನ. ಅವ ಇಲ್ಲಿ ಇದ್ದಾಗ ಒಂದಿನಾರ ನಕ್ಕಿದ್ದು ನೋಡಿದ್ದೇನು ನೀ?"

"ಮತ್ತ ನಾನು?"

ಅವರು ನನ್ನ ಮೊಣಕೈ ಬಿಟ್ಟರು.

"ನಾ ಏನು ಮಾಡ್ಲಿ, ಅತ್ತಿ? ಬದುಕ್ಯಾನ ಅಂದ್ರ ನಾ ಇಲ್ಲೇ ಕೊಳೀಬೇಕು, ಬಿಟ್ಟು ಹೋದವನ ಹೆಂಡ್ತಿ ಅಂತ. ಸತ್ತಾನ ಅಂದ್ರನೂ ಇಲ್ಲೇ, ಹುತಾತ್ಮನ ಹೆಂಡ್ತಿ ಅಂತ."

ಅತ್ತೆ ಕಿವಿಯನ್ನು ತಮ್ಮ ಸೊಂಟದ ಚೀಲದಲ್ಲಿ, ಎಲೆ ಅಡಿಕೆಯ ಜೊತೆ, ಹಾಕಿಕೊಂಡರು. ಸುಟ್ಟ ರೊಟ್ಟಿ ತೆಗೆದು ನಾಯಿಗೆ ಎಸೆದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಅವ ನನಗ ಬದುಕ್ಯಾನ. ನಿನಗ ಸತ್ತಾನ. ಹಂಗ ಹಂಚ್ಕೊಳ್ಳೋಣು. ಅಂಬ್ರಪ್ಪ ಕೇಳೋದು ನಿನ್ನ, ನಿನ್ನ ಮಾವನ್ನ ಅಲ್ಲ."

ಊಟವಾಯಿತು. ಮುಖಂಡರು ಆ ಮರಿಯ ಮಾಂಸವನ್ನು ಮೆಚ್ಚಿ ಮೆಚ್ಚಿ ತಿಂದರು. ಮಾವ ರೊಟ್ಟಿ ಮುರಿದರು, ಮಾಂಸ ಮುಟ್ಟಲಿಲ್ಲ. ಆಮೇಲೆ ಬೇವಿನ ಗಿಡದ ಕೆಳಗೆ ಸುರಪುರದಿಂದ ತಂದ ಕುರ್ಚಿಗಳಲ್ಲಿ ಖಾದಿಯವರು ಕೂತರು. ಕುಲದವರು ನೆಲದ ಮೇಲೆ ಕೂತರು. ವಡಗೇರಾದಿಂದ ಬಂದಿದ್ದ ಬಸವಣ್ಣ ಎಲ್ಲರ ಹಿಂದೆ, ದನಕ್ಕೆ ಮೇವು ಹಾಕುವ ಗ್ವಾದಲಿಯ ಹತ್ತಿರ ನಿಂತಿದ್ದ. ಅಂಬ್ರಪ್ಪ ಕಂಬಳಿಯ ಮೇಲೆ ಒಂದು ಕಾಲು ಮಡಚಿ ಕೂತು, ಗಂಟೆ ಬಾರಿಸಿ ಹಾಡಿಗೆ ಶುರು ಮಾಡಿದ.

ಬರಗಾಲದಲ್ಲಿ ಕೃಷ್ಣೆ ಈಜಿ ಕುರಿ ದಾಟಿಸಿದ ಮೂಲಪುರುಷ ಬಂದ. ತೋಳದ ಬಾಯಿಂದ ಮರಿ ಬಿಡಿಸಿ ಕೈ ಕಳೆದುಕೊಂಡವನು ಬಂದ. ಸುರಪುರದ ಅರಸರ ದಂಡಿಗೆ ಕಂಬಳಿ ಹೊದಿಸಿದವನು ಬಂದಾಗ ಮುಖಂಡರು ತಲೆದೂಗಿದರು. ಮಾವನ ಮುಖ ಅರಳಿತು. ಗಂಡಸರ ಹೆಸರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಪ್ರತಿ ಹೆಸರಿನ ಜೊತೆ ಒಬ್ಬಳ ಹೆಸರು, ಒಳಗ ಉಳಿದಾಳೋ, ಒಳಗ ಉಳಿದಾಳೋ ಎಂದು. ಇವರೆಲ್ಲ ಏನು ನೆನೆದು ಉಳಿದರೋ. ಆ ಸಾಲು ನನ್ನ ಕಡೆಗೇ ಬರುತ್ತಿತ್ತು.

"ಭಗವಂತರಾಯನ ಮಗ ಅಯ್ಯಣ್ಣ" ಎಂದು ಅಂಬ್ರಪ್ಪ ಗಂಟೆ ನಿಲ್ಲಿಸಿದ. "ಇದ್ದಾನೋ, ಹೋಗ್ಯಾನೋ?"

ಮಾವ ಎದ್ದು ನಿಂತರು. "ಹೋಗ್ಯಾನ. ದೇಶದ ಸಲುವಾಗಿ ಎದಿಗೆ ಗುಂಡು ತಗೊಂಡು, ಭಾರತ್ ಮಾತಾ ಕೀ ಜೈ ಅಂತ ಅಂದು..."

"ಅಷ್ಟುದ್ದ ನಮ್ಮ ಪದದಾಗ ಹಿಡಿಯಂಗಿಲ್ಲರಿ" ಎಂದ ಅಂಬ್ರಪ್ಪ. "ಹೋಗ್ಯಾನ ಅಂದ್ರ ಸಾಕು."

ಹಾಡಿದ. ಅಯ್ಯಣ್ಣ ಸತ್ತ. ಎಲ್ಲರ ತಲೆ ನನ್ನ ಕಡೆ ತಿರುಗಿತು.

"ಅಯ್ಯಣ್ಣನ ಹೆಂಡ್ತಿ ರೇಣಮ್ಮ, ಒಳಗೋ ಹೊರಗೋ?"

ಮಾವ ನನ್ನನ್ನು ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಬಸವಣ್ಣನ ಕಡೆ ನೋಡಿದರು, ನಾನೂ ನೋಡಲಿ ಎಂದು. ಅಣ್ಣ ಬಡವ, ತೀರಾ ಬಡವ. ಅವನ ಕಾಲಲ್ಲಿದ್ದ ಚಪ್ಪಲಿ ಕೂಡ ನಮ್ಮ ಮನೆಯ ಆಳು ಬಿಟ್ಟದ್ದು. ಅವನು ಏನೂ ಸನ್ನೆ ಮಾಡಲಿಲ್ಲ. ಒಳಗೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಅಷ್ಟು ದಿನ ಹೌದ್ರಿ ಎಂದು ರೂಢಿಯಾದ ನಾಲಿಗೆ. ಆಗ ಆ ಕಪ್ಪು ಮರಿ ನೆನಪಾಯಿತು. ನೀರು ಕುಡಿಯುತ್ತ ಇತ್ತು, ಏನೂ ತಿಳಿಯದೆ.

"ಹೊರಗ" ಎಂದೆ.

ನಾನೇ ಬೆಚ್ಚುವಷ್ಟು ಜೋರಾಗಿ ಬಂತು.

"ಆಕಿಗೆ ತಿಳಿವಳಿಕಿ ಸಾಲದು, ಇನ್ನೊಮ್ಮೆ ಕೇಳು" ಎಂದರು ಮಾವ.

"ಒಮ್ಮೆನೇ ಕೇಳೋದ್ರಿ."

"ಆಕಿ ಹೊರಗ ಹೋಗಾಕ ಬರಂಗಿಲ್ಲ!"

"ಯಾಕ ಬರಂಗಿಲ್ಲ?" ಅಂಬ್ರಪ್ಪನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಗಂಡ ಇದ್ದಾನೇನ್ರಿ? ಇದ್ರ ಹೇಳ್ರಿ, ಹೆಸರು ಹಿಂದಕ್ಕ ತಗೋತೇನಿ. ಆಗ ಆಕಿ ಎಲ್ಲೂ ಹೋಗಂಗಿಲ್ಲ."

ಕುರ್ಚಿಯವರು ಮಾವನ ಬಾಯಿ ನೋಡಿದರು. ನಾನೂ ನೋಡಿದೆ. ಇದ್ದಾನೆ ಎಂದರೆ ನನ್ನನ್ನು ಹಿಡಿದು ಇಟ್ಟುಕೊಳ್ಳಬಹುದಿತ್ತು, ಟಿಕೀಟು ಹೋಗುತ್ತಿತ್ತು. ಅವರು ಬಾಯಿ ತೆರೆದು ಹಾಗೇ ನಿಂತರು. ನಿಮಗೆ ವಿಚಿತ್ರ ಅನ್ನಿಸಬಹುದು, ಆ ಗಳಿಗೆಯಲ್ಲಿ ನನ್ನ ಬಿಡುಗಡೆ ಹಾಳಾಗಿ ಹೋಗಲಿ, ಇವರು ಇದ್ದಾನೆ ಎನ್ನಲಿ ಎಂದು ನನ್ನ ಜೀವ ಬಡಿದುಕೊಂಡಿತು. ಏಕೆಂದರೆ ಅಡುಗೆಮನೆಯ ಬಾಗಿಲಲ್ಲಿ ಬಾಲಮ್ಮ ನಿಂತಿದ್ದರು. ಸೊಂಟದ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡು, ಗಂಡನನ್ನೇ ನೋಡುತ್ತಿದ್ದರು.

ಮಾವ ಅವರನ್ನು ಕಂಡರು.

"ಇಲ್ಲ" ಎಂದರು. ವೇದಿಕೆಯ ದನಿಯಲ್ಲ, ಒಣಗಿದ ಸಣ್ಣ ದನಿ. "ನನ್ನ ಮಗ ಸತ್ತಾನ."

ಹೇಳಿ ಕೂತರು, ಅಳತೊಡಗಿದರು. ಮುಖಂಡರಲ್ಲಿ ಹಿರಿಯರು ಎದ್ದು ಅವರ ಹೆಗಲ ಮೇಲೆ ಕೈ ಇಟ್ಟರು. ಟಿಕೀಟು ಸಿಕ್ಕಿತು, ಗೆದ್ದರು, ಹೈದರಾಬಾದಿಗೆ ಹೋಗಿ ಕೂತರು. ಮರುದಿನ ಬೆಳಗಾಗುವುದರಲ್ಲಿ ಅವರ ಆಳುಗಳು ಅಣ್ಣನ ಹಟ್ಟಿ ಖಾಲಿ ಮಾಡಿದರು. ಆ ಬೇಸಗೆಯೆಲ್ಲ ನಾವು ಊರವರ ಹೊಲದಲ್ಲಿ ಕೂಲಿ ಮಾಡಿ ತಿಂದೆವು. ಅತ್ತಿಗೆ ನನ್ನೊಡನೆ ಮಾತು ಬಿಟ್ಟಳು, ಅಣ್ಣ ಬಿಡಲಿಲ್ಲ. ಮಳೆ ಬಿದ್ದ ಮೇಲೆ ಹತ್ತಿಗುಡೂರಿನವನು ಸೀರೆ ತಂದ. ಬಾಳಿದೆ.

ಆದರೆ ನನಗೆ ನೆನಪಿರುವುದು ಆ ದಿನದ ಕೊನೆ. ಬಳೆ ಒಡೆಯಲು ಅತ್ತೆ ನನ್ನನ್ನು ದನದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಕೈಯಲ್ಲಿ ಕಲ್ಲಿತ್ತು. ಕಲ್ಲನ್ನು ಬದಿಗಿಟ್ಟು, ಕೊಬ್ಬರಿ ಎಣ್ಣೆಯ ಬಟ್ಟಲು ತೆಗೆದು, ನನ್ನ ಕೈಗೆ ಮಣಿಕಟ್ಟಿನಿಂದ ಬೆರಳಿನವರೆಗೆ ಎಣ್ಣೆ ಹಚ್ಚಿದರು. ಬೆರಳುಗಳನ್ನು ಒತ್ತಿ ಹಿಡಿದು ಬಳೆಗಳನ್ನು ಒಂದೊಂದಾಗಿ ಎಳೆಯತೊಡಗಿದರು. ಮದುವೆಯಲ್ಲಿ ಎಳೆಯ ಕೈಗೆ ಏರಿಸಿದ ಬಳೆಗಳು, ಸುಲಭವಾಗಿ ಬರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಚರ್ಮ ಕಿತ್ತು ರಕ್ತ ಬಂತು.

"ಅತ್ತಿ, ನೋಯ್ತದ. ಒಡೆದುಬಿಡ್ರಿ."

"ನೋಯಲಿ, ತಡಕೋ" ಎಂದರು. ಇನ್ನೊಂದು ಬಳೆಯನ್ನು ತಿರುಗಿಸುತ್ತ ತಿರುಗಿಸುತ್ತ ಗೆಣ್ಣು ದಾಟಿಸಿದರು. "ಬದುಕಿದ್ದವನ ಹೆಸರಿನ ಬಳಿ ಅದಾವ. ಅವನ ಅಪ್ಪ ಒಡೆದಾನ, ಸಾಕು. ನಾ ಒಡಿಯಂಗಿಲ್ಲ."

ಎಲ್ಲ ಬಳೆಗಳೂ ಇಡಿಯಾಗಿಯೇ ಅವರ ಉಡಿಗೆ ಬಿದ್ದವು.